ಗಂಧವನ್ನು ಹೊರಬಲ್ಲ ಎಲೆ

ಚಹಾದ ಎಲೆಗೆ ಪರಿಮಳವನ್ನು ಕೂಡಿಸುವ ಅಭ್ಯಾಸ ಬಹು ಹಳೆಯದು. ಚೀನ ದೇಶದ ಫೂಜಿಯನ್ ಪ್ರಾಂತದಲ್ಲಿ, ಅರಳಲು ಸಿದ್ಧವಾಗಿರುವ ಮಲ್ಲಿಗೆಯ ಮೊಗ್ಗುಗಳನ್ನು ಒಣಗಿಸಿದ ಎಲೆಗಳೊಡನೆ ಇರುಳಿಡೀ ಬೆರೆಸಿಟ್ಟು, ಬೆಳಗಾದ ಮೇಲೆ ಬಾಡಿದ ಹೂವನ್ನು ಬೇರ್ಪಡಿಸಿ, ಮತ್ತೆ ಹೊಸ ಮೊಗ್ಗುಗಳನ್ನು ಬೆರೆಸುವ ಪದ್ಧತಿಯುಂಟು. ಮೊರಾಕೊ ದೇಶದವರು ಹಸಿ ಪುದೀನವನ್ನೂ ನಮ್ಮವರು ಶುಂಠಿ ಏಲಕ್ಕಿಗಳನ್ನೂ ಕೂಡಿಸುವುದುಂಟು. ಈ ಎಲ್ಲ ಪರಿಮಳಗಳ ನಡುವೆ ತನ್ನದೇ ಆದ ಗಾಂಭೀರ್ಯದಿಂದ ನಿಂತಿರುವುದು, ಇಟಲಿಯ ದಕ್ಷಿಣದ ತುದಿಯಲ್ಲಿ ಬೆಳೆಯುವ ಬರ್ಗಮಾಟ್ ಎಂಬ ಹಣ್ಣಿನ ಸಿಪ್ಪೆಯಿಂದ ತೆಗೆದ ತೈಲದ ಪರಿಮಳ. ಆ ತೈಲವನ್ನು ಹಿಡಿಸಿದ ಕಪ್ಪು ಚಹಾ ‘ಅರ್ಲ್ ಗ್ರೇ’ ಎಂಬ ಹೆಸರಿನಿಂದ ಲೋಕದ ಎಲ್ಲ ಖಂಡಗಳಲ್ಲಿಯೂ ಪ್ರಸಿದ್ಧವಾಗಿದೆ.

ಈ ಪಾನೀಯವನ್ನು ಪ್ರೀತಿಸುವವರಲ್ಲಿ ನಾನೂ ಒಬ್ಬನು. ಪ್ರೀತಿಸುವ ವಸ್ತುವಿನ ಮೂಲವನ್ನು ಅರಸುತ್ತ ಹೋದಾಗ ನನಗೆ ದೊರೆತ ಇತಿಹಾಸ, ಅದರ ಹೆಸರಿಗೆ ಅಂಟಿಕೊಂಡಿರುವ ಕಥೆಗಳಿಗಿಂತ ಹೆಚ್ಚು ಸ್ವಾರಸ್ಯಕರವಾದದ್ದು. ಅಷ್ಟೇ ಅಲ್ಲದೆ, ಈ ಚಹಾವನ್ನು ಹೇಗೆ ಆರಿಸಬೇಕು, ಹೇಗೆ ತಯಾರಿಸಬೇಕು ಎಂಬುದಕ್ಕೂ ಅದು ದಾರಿ ತೋರಿಸುವಂಥದು. ಒಂದು ಕಾಲದಲ್ಲಿ ಕೀಳಾದ ಎಲೆಯ ದೋಷವನ್ನು ಮರೆಮಾಚುವುದಕ್ಕೆಂದು ಬಳಕೆಯಾದ ಗಂಧವು, ಯೋಗ್ಯವಾದ ಎಲೆಯ ಸಹವಾಸದಲ್ಲಿ ಗೌರವವನ್ನು ಸಂಪಾದಿಸಿಕೊಂಡ ಕಥೆ ಅದು.

ಹಣ್ಣಿನ ನಾಡು

ಬರ್ಗಮಾಟ್ ನಿಂಬೆ, ಕಿತ್ತಳೆ, ಹೇರಳೆ, ಮಾದಲಗಳ ಕುಲಕ್ಕೆ ಸೇರಿದ ಹಣ್ಣು. ಹುಳಿ ಕಿತ್ತಳೆಗೂ ನಿಂಬೆಗೂ ಹುಟ್ಟಿದ ಸಂಕರವಿದೆಂದು ಸಸ್ಯಶಾಸ್ತ್ರಜ್ಞರ ಅಭಿಪ್ರಾಯ. ಗಾತ್ರದಲ್ಲಿ ಸಾಧಾರಣ ಕಿತ್ತಳೆಯಷ್ಟಿದ್ದು, ಎಳೆಯದರಲ್ಲಿ ಹಚ್ಚಗೆ, ಬಲಿತ ಮೇಲೆ ನಿಂಬೆಯ ಹಳದಿಗೆ ತಿರುಗುವ ಈ ಹಣ್ಣಿನ ರಸ ಹುಳಿಯೊಡನೆ ಕಹಿಯನ್ನೂ ಹೊಂದಿರುವುದರಿಂದ ಹಾಗೆಯೇ ಬಿಡಿಸಿ ತಿನ್ನುವವರು ವಿರಳ. ಅದರ ಸಂಪತ್ತೆಲ್ಲ ಸಿಪ್ಪೆಯಲ್ಲಿ ಅಡಗಿದೆ.

ಇಟಲಿಯ ಭೂಪಟದಲ್ಲಿ ಪಾದದ ಆಕಾರಕ್ಕೆ ಇಳಿದಿರುವ ಭಾಗದ ತುದಿಯೇ ಕಲಾಬ್ರಿಯಾ ಪ್ರಾಂತ. ಅಲ್ಲಿ ಆಸ್ಪ್ರೊಮೊಂತೆ ಪರ್ವತಕ್ಕೂ ಅಯೋನಿಯನ್ ಸಮುದ್ರಕ್ಕೂ ನಡುವೆ, ರೆಜ್ಜೋ ನಗರದ ಆಸುಪಾಸಿನಿಂದ ಮೆಲಿತೊ, ಕೊಂದೊಫುರಿ ಮೊದಲಾದ ಊರುಗಳನ್ನು ಹಾಯ್ದು ಸಾಗುವ ಕಿರಿದಾದ ಕರಾವಳಿಯೊಂದುಂಟು. ಚಳಿಗಾಲದ ಗಾಳಿಯನ್ನು ಪರ್ವತ ತಡೆಯುತ್ತದೆ; ಬೇಸಗೆಯ ತಾಪವನ್ನು ಸಮುದ್ರ ತಗ್ಗಿಸುತ್ತದೆ. ಈ ಗಿಡವನ್ನು ಬೇರೆ ದೇಶಗಳಲ್ಲಿಯೂ ನೆಟ್ಟು ಬೆಳೆಸಿದ್ದಾರೆ; ಆದರೂ ಲೋಕಕ್ಕೆ ಬೇಕಾದ ಬರ್ಗಮಾಟ್ ತೈಲದ ಬಹುಪಾಲು ಇಂದಿಗೂ ಈ ಕರಾವಳಿಯಿಂದಲೇ ಬರುತ್ತದೆ. ರೆಜ್ಜೋದಲ್ಲಿ ಹಣ್ಣಿನ ತೈಲಗಳನ್ನು ಪರೀಕ್ಷಿಸುವುದಕ್ಕೆಂದೇ 1918ರಲ್ಲಿ ಪ್ರಯೋಗಾಲಯವೊಂದನ್ನು ಸ್ಥಾಪಿಸಿದರು; 2001ರಲ್ಲಿ ಯೂರೋಪಿನ ಒಕ್ಕೂಟವು ಅಲ್ಲಿಯ ತೈಲಕ್ಕೆ ಪ್ರದೇಶವಿಶೇಷದ ಹೆಸರಿನ ರಕ್ಷಣೆಯನ್ನಿತ್ತಿತು.

ಕೊಯ್ಲು ನವೆಂಬರಿನಲ್ಲಿ ತೊಡಗಿ ಮಾರ್ಚಿನವರೆಗೆ ನಡೆಯುತ್ತದೆ. ಮೊದಮೊದಲು ಕೊಯ್ದ ಹಸಿರು ಕಾಯಿಯ ತೈಲ ಬಣ್ಣದಲ್ಲಿ ಹಸಿರಾಗಿ, ವಾಸನೆಯಲ್ಲಿ ಚುರುಕಾಗಿ ಇರುತ್ತದೆ. ಋತು ಕಳೆದಂತೆಲ್ಲ ಹಣ್ಣು ಹಳದಿಯಾಗಿ, ತೈಲವೂ ಮೃದುವಾಗುತ್ತದೆ. ಹಿಂದಿನ ಕಾಲದಲ್ಲಿ ತೈಲ ತೆಗೆಯುತ್ತಿದ್ದ ಬಗೆಯನ್ನು ಕೇಳಿದರೆ ಆ ಕೆಲಸಗಾರರ ತಾಳ್ಮೆಗೆ ತಲೆಬಾಗಬೇಕೆನಿಸುತ್ತದೆ. ಹಣ್ಣನ್ನು ಎರಡು ಹೋಳು ಮಾಡಿ, ತಿರುಳನ್ನು ತೆಗೆದು, ಸಿಪ್ಪೆಯನ್ನು ನೀರಿನಲ್ಲಿ ನೆನೆಹಾಕಿ, ಆಮೇಲೆ ಒಂದೊಂದು ಸಿಪ್ಪೆಯನ್ನೂ ಕೈಯಿಂದ ಸಮುದ್ರದ ಸ್ಪಂಜಿಗೆ ಒತ್ತಿ ಹಿಡಿದು ತಿರುಗಿಸುತ್ತಿದ್ದರು; ಸಿಪ್ಪೆಯ ಸೂಕ್ಷ್ಮಕೋಶಗಳು ಒಡೆದು ಹೊರಚಿಮ್ಮಿದ ತೈಲವನ್ನು ಸ್ಪಂಜು ಹೀರಿಕೊಳ್ಳುತ್ತಿತ್ತು; ಅದನ್ನು ಮಣ್ಣಿನ ಬೋಗುಣಿಗೆ ಹಿಂಡಿ, ನೀರು ತಳದಲ್ಲಿ ನಿಂತ ಮೇಲೆ ಮೇಲಿನ ತೈಲವನ್ನು ಬಸಿದುಕೊಳ್ಳುತ್ತಿದ್ದರು. 1844ರಲ್ಲಿ ರೆಜ್ಜೋದ ನಿಕೊಲಾ ಬರಿಲ್ಲಾ ಎಂಬಾತನು ಇದೇ ಕೆಲಸವನ್ನು ಮಾಡುವ ಯಂತ್ರವೊಂದನ್ನು ರಚಿಸಿದನು. ಯಂತ್ರ ಬಂದರೂ ಮೂಲತತ್ತ್ವ ಬದಲಾಗಲಿಲ್ಲ: ಬೆಂಕಿಯ ಸೋಂಕಿಲ್ಲದೆ, ಒತ್ತಡದಿಂದ ಮಾತ್ರ ತೈಲವನ್ನು ಹೊರಡಿಸಬೇಕು. ಒಂದು ಕಿಲೋ ತೈಲಕ್ಕೆ ಸುಮಾರು 200 ಕಿಲೋ ಹಣ್ಣು ಬೇಕಾಗುತ್ತದೆ.

ಈ ತೈಲಕ್ಕೆ ಚಹಾದ ಸಂಬಂಧ ಒದಗುವುದಕ್ಕಿಂತ ಬಹಳ ಮುಂಚೆಯೇ ಸುಗಂಧದ್ರವ್ಯದವರ ಸಂಬಂಧ ಕೂಡಿಬಂದಿತ್ತು. ಜರ್ಮನಿಯ ಕೊಲೋನ್ ನಗರದಲ್ಲಿ ನೆಲೆಸಿದ ಇಟಲಿಯವನಾದ ಫರೀನಾ ಎಂಬಾತನು ಹದಿನೆಂಟನೆಯ ಶತಮಾನದ ಆದಿಯಲ್ಲಿ ರಚಿಸಿದ ‘ಕೊಲೋನ್’ ಜಲದಲ್ಲಿ ಪ್ರಧಾನವಾದ ಗಂಧ ಬರ್ಗಮಾಟಿನದೇ. ಬಟ್ಟಲಿನ ಚಹಾ ಕೆಲವರಿಗೆ ಮೊದಲ ಬಾರಿಗೆ ಅತ್ತರಿನಂತೆ ತೋರುವುದಕ್ಕೆ ಇದೇ ಕಾರಣ. ಅತ್ತರಿನಲ್ಲಿ ಪರಿಚಿತವಾದ ಗಂಧವನ್ನು ನಾಲಗೆಯ ಮೇಲೆ ಸ್ವೀಕರಿಸಲು ಮನಸ್ಸಿಗೆ ಸ್ವಲ್ಪ ಕಾಲ ಹಿಡಿಯುತ್ತದೆ.

ಹೆಸರಿನ ಹಿಂದಿನ ಇತಿಹಾಸ

ಎರಡನೆಯ ಅರ್ಲ್ ಆದ ಚಾರ್ಲ್ಸ್ ಗ್ರೇ 1830ರಿಂದ 1834ರವರೆಗೆ ಬ್ರಿಟನ್ನಿನ ಪ್ರಧಾನಮಂತ್ರಿಯಾಗಿದ್ದವನು. ಮತದಾನದ ಹಕ್ಕನ್ನು ವಿಸ್ತರಿಸಿದ 1832ರ ಸುಧಾರಣಾ ಶಾಸನವೂ, ಬ್ರಿಟಿಷ್ ಸಾಮ್ರಾಜ್ಯದಲ್ಲಿ ಗುಲಾಮಗಿರಿಯನ್ನು ತೊಡೆದುಹಾಕುವ 1833ರ ಶಾಸನವೂ ಅವನ ಆಡಳಿತದಲ್ಲಿಯೇ ಆದಂಥವು. ಚೀನದ ಅಧಿಕಾರಿಯೊಬ್ಬನು ಕೃತಜ್ಞತೆಯಿಂದ ಈ ಚಹಾದ ಮಿಶ್ರಣವನ್ನು ಗ್ರೇಗೆ ಕಳುಹಿಸಿಕೊಟ್ಟನೆಂದು ಒಂದು ಕಥೆ ಪ್ರಚಾರದಲ್ಲಿದೆ. ನಾರ್ತಂಬರ್ಲೆಂಡಿನ ಹೋವಿಕ್ ಗ್ರಾಮದಲ್ಲಿರುವ ಅವನ ಮನೆಯ ಬಾವಿಯ ನೀರಿನಲ್ಲಿ ಸುಣ್ಣದ ಅಂಶ ಹೆಚ್ಚಾಗಿದ್ದುದರಿಂದ, ಅದರ ರುಚಿಯನ್ನು ಅಡಗಿಸಲು ಬರ್ಗಮಾಟನ್ನು ಕೂಡಿಸಿದರೆಂದು ಇನ್ನೊಂದು ಕಥೆ. ಲಂಡನ್ನಿನ ಹಳೆಯ ಚಹಾ ಮನೆತನಗಳಾದ ಟ್ವೈನಿಂಗ್ಸ್ ಮತ್ತು ಜಾಕ್ಸನ್ಸ್, ಮೂಲ ಮಿಶ್ರಣ ತಮ್ಮದೆಂದು ಬಹುಕಾಲ ವಾದಿಸಿದವು.

ಕಥೆಗಳನ್ನು ಇತಿಹಾಸದ ಬೆಳಕಿನಲ್ಲಿ ಹಿಡಿದು ನೋಡಿದರೆ ಅವು ನಿಲ್ಲುವುದು ಕಷ್ಟ. ಗ್ರೇ ಎಂದೂ ಚೀನಕ್ಕೆ ಹೋದವನಲ್ಲ. ಕಲಾಬ್ರಿಯದ ತೈಲವನ್ನು ಚಹಾಕ್ಕೆ ಹಿಡಿಸುವ ರೂಢಿ ಆ ಕಾಲದ ಚೀನದಲ್ಲಿ ಇರಲಿಲ್ಲ. ಈ ಮಿಶ್ರಣಕ್ಕೆ ಶ್ರೇಷ್ಠವಾದ ಆಧಾರವೆಂದು ಹಲವರು ಎಣಿಸುವ ಚೀನದ ಕೀಮುನ್ ಕಪ್ಪು ಚಹಾವನ್ನು ಮೊದಲು ತಯಾರಿಸಿದ್ದು 1875ರಲ್ಲಿ. ಗ್ರೇ ತೀರಿಕೊಂಡದ್ದು 1845ರಲ್ಲಿ. ‘ಅರ್ಲ್ ಗ್ರೇ ಮಿಶ್ರಣ’ ಎಂಬ ಹೆಸರು ಲಂಡನ್ನಿನ ಜಾಹಿರಾತುಗಳಲ್ಲಿ ಸ್ಪಷ್ಟವಾಗಿ ಕಾಣಿಸಿಕೊಳ್ಳುವುದು 1880ರ ದಶಕದಲ್ಲಿ, ಎಂದರೆ ಆ ಪ್ರಧಾನಿಯ ಕಾಲ ಮುಗಿದು ಅರ್ಧ ಶತಮಾನವಾದ ಮೇಲೆ. ಅದಕ್ಕೆ ಹಿಂದೆ ‘ಗ್ರೇ ಮಿಶ್ರಣ’ವೆಂದಷ್ಟೇ ಕರೆಯಿಸಿಕೊಳ್ಳುತ್ತಿದ್ದ ಚಹಾ, ಗ್ರೇ ಎಂಬ ಅಡ್ಡಹೆಸರಿನ ವರ್ತಕನಿಂದ ಬಂದದ್ದಾಗಿ, ‘ಅರ್ಲ್’ ಬಿರುದು ಆಮೇಲೆ ಸೇರಿರಬಹುದೆಂದು ಊಹಿಸಲು ಅವಕಾಶವುಂಟು.

ಬರ್ಗಮಾಟ್ ಸೇರಿಸಿದ ಚಹಾದ ಉಲ್ಲೇಖ ಇಂಗ್ಲೆಂಡಿನಲ್ಲಿ 1824ರಷ್ಟು ಹಿಂದೆಯೇ ದೊರೆಯುತ್ತದೆ. ಅಲ್ಲಿ ಅದು ಕೀಳುದರ್ಜೆಯ ಚಹಾವನ್ನು ಮೇಲ್ದರ್ಜೆಯದೆಂದು ತೋರಿಸುವ ಉಪಾಯವಾಗಿ ಬರುತ್ತದೆ. 1837ರಲ್ಲಿ ವರ್ತಕ ಸಂಸ್ಥೆಯೊಂದು, ಇಂಗ್ಲೆಂಡಿನಲ್ಲಿಯೇ ಬರ್ಗಮಾಟಿನಿಂದ ಕೃತಕವಾಗಿ ಕಂಪುಗೊಳಿಸಿದ ಚಹಾವನ್ನು ಮಾರಿದುದಕ್ಕಾಗಿ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಯಿತು. ಅದು ಕಲಬೆರಕೆಯ ಯುಗ. ಅಕ್ಕಂ ಎಂಬ ರಸಾಯನಶಾಸ್ತ್ರಜ್ಞನು 1820ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದ ಆಹಾರದ ಕಲಬೆರಕೆಯನ್ನು ಕುರಿತ ಗ್ರಂಥದಲ್ಲಿ, ಬೇಲಿಯ ಗಿಡಗಳ ಸೊಪ್ಪನ್ನು ಒಣಗಿಸಿ, ಬಣ್ಣ ಕಟ್ಟಿ ಚಹಾವೆಂದು ಮಾರುತ್ತಿದ್ದವರ ವೃತ್ತಾಂತವಿದೆ. ಚಹಾಕ್ಕೆ ಚೀನವೊಂದೇ ಆಕರ, ಅದನ್ನು ತರುವ ಹಕ್ಕು ಈಸ್ಟ್ ಇಂಡಿಯ ಕಂಪೆನಿಯೊಂದಕ್ಕೇ, ಮೇಲೆ ಸರ್ಕಾರದ ಭಾರೀ ಸುಂಕ. ಇಂಥ ಪರಿಸ್ಥಿತಿಯಲ್ಲಿ ಮೋಸ ಹುಟ್ಟಿಕೊಂಡದ್ದು ಆಶ್ಚರ್ಯವಲ್ಲ.

ಗ್ರೇಯ ಹೆಸರಿಗೂ ಚಹಾಕ್ಕೂ ಇರುವ ನಿಜವಾದ ನಂಟು ನನ್ನ ದೃಷ್ಟಿಯಲ್ಲಿ ಇಲ್ಲಿಯೇ ಇದೆ. ಚೀನದೊಡನೆ ಕಂಪೆನಿಗಿದ್ದ ಏಕಸ್ವಾಮ್ಯವನ್ನು ಕೊನೆಗಾಣಿಸಿದ 1833ರ ಶಾಸನ ಅವನ ಮಂತ್ರಿಮಂಡಲದ ಕಾಲದ್ದು. 1834ರಿಂದ ಚಹಾದ ವ್ಯಾಪಾರ ಎಲ್ಲರಿಗೂ ತೆರೆಯಿತು. ಅದೇ 1834ರಲ್ಲಿ, ಗವರ್ನರ್ ಜನರಲ್ ಆಗಿದ್ದ ಬೆಂಟಿಂಕನು ಭಾರತದಲ್ಲಿ ಚಹಾ ಬೆಳೆಯುವ ಸಾಧ್ಯತೆಯನ್ನು ವಿಚಾರಿಸಲು ಸಮಿತಿಯೊಂದನ್ನು ನೇಮಿಸಿದನು; 1839ರಲ್ಲಿ ಅಸ್ಸಾಮಿನ ಚಹಾದ ಮೊದಲ ಎಂಟು ಪೆಟ್ಟಿಗೆಗಳು ಲಂಡನ್ನಿನ ಹರಾಜಿಗೆ ಬಂದವು. ಮುಂದೆ ಅಸ್ಸಾಂ, ಡಾರ್ಜಿಲಿಂಗ್, ಸಿಂಹಳ, ನೀಲಗಿರಿಗಳಿಂದ ಒಳ್ಳೆಯ ಕಪ್ಪು ಚಹಾ ಹೇರಳವಾಗಿ ದೊರೆಯತೊಡಗಿದಾಗ, ಬರ್ಗಮಾಟಿಗೆ ಮುಚ್ಚಿಡಬೇಕಾದ ದೋಷವೇ ಉಳಿಯಲಿಲ್ಲ. ಒಂದು ಮುತ್ಸದ್ದಿಯ ಹೆಸರು ಹೊತ್ತ ಪಾನೀಯಕ್ಕೆ, ಅವನು ತಾನೇ ಅದನ್ನು ಕುಡಿದನೋ ಇಲ್ಲವೋ ಎಂಬುದಕ್ಕಿಂತ, ಈ ಋಣಾನುಬಂಧವೇ ದೊಡ್ಡದು.

ಎಲೆ ಮತ್ತು ತೈಲದ ಬಾಂಧವ್ಯ

ನಿಂಬೆಯ ಎಣ್ಣೆ, ಕಿತ್ತಳೆಯ ಎಣ್ಣೆಗಳೂ ಸುವಾಸಿತವಾದವೇ. ಹಾಗಿದ್ದರೂ ಕಪ್ಪು ಚಹಾಕ್ಕೆ ಬರ್ಗಮಾಟಿನಷ್ಟು ಸಹಜವಾಗಿ ಇನ್ನಾವುದೂ ಹೊಂದಿಕೊಳ್ಳದಿರುವುದೇಕೆ? ಉತ್ತರವನ್ನು ರಸಾಯನಶಾಸ್ತ್ರ ಕೊಡುತ್ತದೆ. ನಿಂಬೆ ಕಿತ್ತಳೆಗಳ ತೈಲದಲ್ಲಿ ಬಹುಪಾಲು ಲಿಮೊನೀನ್ ಎಂಬ ಒಂದೇ ದ್ರವ್ಯ. ಬರ್ಗಮಾಟಿನಲ್ಲಾದರೋ ಲಿಮೊನೀನಿನೊಡನೆ ಲಿನಲಿಲ್ ಅಸಿಟೇಟ್ ಎಂಬುದು ಸಮಸಮವಾಗಿ ನಿಂತು, ಅವೆರಡರ ಜೊತೆಗೆ ಲಿನಲೂಲ್ ಎಂಬುದು ಗಣನೀಯವಾದ ಪ್ರಮಾಣದಲ್ಲಿ ಸೇರಿದೆ. ಈ ಲಿನಲೂಲ್ ನಮಗೆ ಹೊಸದಲ್ಲ. ಕೊತ್ತಂಬರಿ ಬೀಜವನ್ನು ಕುಟ್ಟಿದಾಗ ಏಳುವ ತಂಪಾದ ಕಂಪಿನ ಜೀವಾಳ ಅದೇ. ಮುಖ್ಯವಾದ ಸಂಗತಿಯೆಂದರೆ, ಚಹಾದ ಎಲೆಯಲ್ಲಿಯೂ ಲಿನಲೂಲ್ ಸಹಜವಾಗಿಯೇ ಇದೆ. ಹಸಿಯ ಎಲೆಯಲ್ಲಿ ಸಕ್ಕರೆಯ ಅಂಶದೊಡನೆ ಬಂಧಿತವಾಗಿ ನಿರ್ಗಂಧವಾಗಿರುವ ಅದು, ಕೊಯ್ದ ಎಲೆಯನ್ನು ಬಾಡಿಸಿ ಹೊಸೆಯುವಾಗ ಬಿಡುಗಡೆ ಹೊಂದಿ, ಒಳ್ಳೆಯ ಕಪ್ಪು ಚಹಾದ ಹೂವಿನಂಥ ಸುವಾಸನೆಗೆ ಕಾರಣವಾಗುತ್ತದೆ. ಎಂದ ಮೇಲೆ ಬರ್ಗಮಾಟ್ ಚಹಾಕ್ಕೆ ಪರಕೀಯವಾದ ಗಂಧವನ್ನು ಹೇರುವುದಿಲ್ಲ. ಎಲೆಯಲ್ಲಿ ಮೊದಲೇ ಇರುವ ಒಂದು ಗುಣವನ್ನು ಎತ್ತಿ ಹಿಡಿಯುತ್ತದೆ.

ಎಲೆಯಲ್ಲಿ ಆ ಗುಣ ಇರಬೇಕಾದರೆ ಅದನ್ನು ತಯಾರಿಸುವ ಕ್ರಮವೂ ತಕ್ಕುದಾಗಿರಬೇಕು. ಕೊಯ್ದ ಚಿಗುರನ್ನು ಹನ್ನೆರಡರಿಂದ ಹದಿನೆಂಟು ಗಂಟೆ ಬಾಡಿಸಿ, ಹೊಸೆದು, ಗಾಳಿಯ ಸಂಪರ್ಕದಲ್ಲಿ ತಾಮ್ರವರ್ಣ ಬರುವವರೆಗೆ ಹರಡಿಟ್ಟು, ಬಿಸಿಗಾಳಿಯಲ್ಲಿ ಒಣಗಿಸುವುದು ಸಾಂಪ್ರದಾಯಿಕ ಕ್ರಮ. ಎಲೆ ಇದರಲ್ಲಿ ಉದ್ದನೆಯ ಸುರುಳಿಯಾಗಿ ಉಳಿಯುತ್ತದೆ. 1930ರ ಸುಮಾರಿಗೆ ಅಸ್ಸಾಮಿನಲ್ಲಿ ಹುಟ್ಟಿದ ‘ಸಿ.ಟಿ.ಸಿ.’ ಯಂತ್ರವು ಎಲೆಯನ್ನು ಜಜ್ಜಿ, ಹರಿದು, ಗುಂಡನೆಯ ಕಾಳಾಗಿಸುತ್ತದೆ. ಹಾಲು ಸಕ್ಕರೆಗಳೊಡನೆ ಕುದಿಸಿ, ಹುಬ್ಬಳ್ಳಿ–ಧಾರವಾಡದ ಅಂಗಡಿಗಳಲ್ಲಿ ಕೈಗೆ ಕೊಡುವ ಖಡಕ್ ಚಹಾಕ್ಕೆ ಈ ಕಾಳೂ ಪುಡಿಯೂ ಅತ್ಯಂತ ಯೋಗ್ಯವಾದವು. ಆ ಚಹಾದ ಘನತೆಯೇ ಬೇರೆ. ಬರ್ಗಮಾಟಿನಂಥ ಸೂಕ್ಷ್ಮಗಂಧಕ್ಕೆ ಮಾತ್ರ ಇಡಿಯಾಗಿ ಉಳಿದ ಸುರುಳಿಯೆಲೆಯೇ ಆಸರೆಯಾಗಬಲ್ಲದು.

ತೈಲವನ್ನು ಹಿಡಿಸುವುದು ಸಿದ್ಧವಾದ ಎಲೆಗೆ. ದೊಡ್ಡ ಪೀಪಾಯಿಯಲ್ಲಿ ಎಲೆಯನ್ನು ಮೆಲ್ಲನೆ ಉರುಳಿಸುತ್ತ, ತೈಲವನ್ನು ತುಂತುರಾಗಿ ಸಿಂಪಡಿಸಿ, ಗಂಧವು ಎಲ್ಲೆಡೆ ಸಮವಾಗಿ ಇಳಿಯಲೆಂದು ಮುಚ್ಚಿಡುತ್ತಾರೆ. ಸಾರು ಆದ ಮೇಲೆ ಕೊನೆಯಲ್ಲಿ ಕೊಡುವ ಒಗ್ಗರಣೆಯ ಧರ್ಮವೇ ಇದರದೂ: ಬೇಳೆ ಚೆನ್ನಾಗಿ ಬೆಂದು ಸಾರು ಹದವಾಗಿದ್ದರೆ ಚಿಟಿಕೆ ಇಂಗು ಅದನ್ನು ಪೂರ್ಣಗೊಳಿಸುತ್ತದೆ, ಸಾರೇ ಕೆಟ್ಟಿದ್ದರೆ ಎಷ್ಟು ಇಂಗು ಸುರಿದರೂ ಉಣ್ಣುವವನಿಗೆ ತಿಳಿಯದೆ ಹೋಗುವುದಿಲ್ಲ.

ನೀರು, ಕಾವು, ಕಾಲ

ಈ ಚಹಾವನ್ನು ತಯಾರಿಸುವ ವಿಧಿ ಸರಳವಾದದ್ದು. ಒಬ್ಬರಿಗೆ ಸುಮಾರು 200 ಮಿಲಿಲೀಟರ್ ನೀರಿಗೆ ಎರಡರಿಂದ ಎರಡೂವರೆ ಗ್ರಾಂ ಎಲೆ, ಎಂದರೆ ಒಂದು ಚಹಾ ಚಮಚದಷ್ಟು ಸಾಕು. ಪಿಂಗಾಣಿಯ ಟೀಪಾಟನ್ನು ಮೊದಲು ಬಿಸಿನೀರಿನಿಂದ ಬೆಚ್ಚಗೆ ಮಾಡಿ ಆ ನೀರನ್ನು ಚೆಲ್ಲಬೇಕು. ನಮ್ಮ ದೇಶದ ಮೋತಿಹಾರಿಯಲ್ಲಿ ಹುಟ್ಟಿದ ಇಂಗ್ಲಿಷ್ ಲೇಖಕ ಜಾರ್ಜ್ ಆರ್ವೆಲ್ 1946ರಲ್ಲಿ ಚಹಾವನ್ನು ಕುರಿತು ಬರೆದ ಪ್ರಬಂಧದಲ್ಲಿ ವಿಧಿಸಿದ ಹನ್ನೊಂದು ನಿಯಮಗಳಲ್ಲಿ ಪಾತ್ರೆಯನ್ನು ಮೊದಲೇ ಬೆಚ್ಚಗೆ ಮಾಡಬೇಕೆಂಬುದೂ ಒಂದು. ತಣ್ಣನೆಯ ಪಾತ್ರೆ ನೀರಿನ ಕಾವನ್ನು ಥಟ್ಟನೆ ಇಳಿಸಿ ಎಲೆ ಪೂರ್ಣವಾಗಿ ಅರಳದಂತೆ ಮಾಡುವುದರಿಂದ ಈ ನಿಯಮ ಅರ್ಥವುಳ್ಳದ್ದು. ಎಲೆಯನ್ನು ಹಾಕಿ, ಕುದಿದ ನೀರನ್ನು ಎರೆದು, ಮುಚ್ಚಳವಿಟ್ಟು ಮೂರರಿಂದ ನಾಲ್ಕು ನಿಮಿಷ ಬಿಡತಕ್ಕದ್ದು. ಮುಚ್ಚಳ ಅತ್ಯವಶ್ಯಕ, ಬರ್ಗಮಾಟಿನ ಗಂಧ ಉಗಿಯೊಡನೆ ಹಾರಿಹೋಗುವ ಸ್ವಭಾವದ್ದು. ಎಲೆಯನ್ನು ನೀರಿನೊಡನೆ ಒಲೆಯ ಮೇಲೆ ಕುದಿಸಿದರೆ ಗಂಧವೆಲ್ಲ ಅಡುಗೆಮನೆಗೆ ಸಲ್ಲುತ್ತದೆ, ಬಟ್ಟಲಿಗೆ ಒಗರು ಮಾತ್ರ ಉಳಿಯುತ್ತದೆ.

ನೀರಿನ ಕಾವು 95 ಡಿಗ್ರಿಗಿಂತ ತುಸು ಮೇಲಿದ್ದರೆ ಒಳ್ಳೆಯದು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ನೀರು ಸುಮಾರು 97 ಡಿಗ್ರಿಯಲ್ಲಿಯೇ ಕುದಿಯುವುದರಿಂದ, ಅಲ್ಲಿಯವರು ಕುದಿ ಬಂದೊಡನೆ ಎರೆಯಬಹುದು. ಮಂಗಳೂರು ಕಾರವಾರಗಳವರು ಕುದಿ ಇಳಿಯುವಷ್ಟು ಹೊತ್ತು ಕಾಯಬಹುದು.

ಕಾವಿಗಿಂತಲೂ ನೀರಿನ ಗುಣಕ್ಕೆ ನಮ್ಮ ನಾಡಿನಲ್ಲಿ ಹೆಚ್ಚು ಗಮನ ಕೊಡಬೇಕು. ಬಯಲುಸೀಮೆಯ ಕೊಳವೆಬಾವಿಗಳ ನೀರು ಬಹುಮಟ್ಟಿಗೆ ಗಡಸು. ಆ ನೀರಿನಲ್ಲಿ ಚಹಾ ಮಾಡಿದರೆ ಬಣ್ಣ ಮಂಕಾಗಿ, ಮೇಲೆ ತೆಳುವಾದ ಕಂದು ಪೊರೆ ಕಟ್ಟುತ್ತದೆ. ನೀರಿನಲ್ಲಿರುವ ಕ್ಯಾಲ್ಸಿಯಂ ಮತ್ತು ಬೈಕಾರ್ಬೊನೇಟುಗಳ ಸಾನ್ನಿಧ್ಯದಲ್ಲಿ ಚಹಾದ ಸತ್ತ್ವ ಗಾಳಿಯೊಡನೆ ವರ್ತಿಸಿ ಈ ಪೊರೆಯಾಗುವುದು. ಹೋವಿಕ್ಕಿನ ಬಾವಿಯ ಕಥೆ ನಂಬಲರ್ಹವಲ್ಲವೆನ್ನಲು ಇಲ್ಲಿ ಇನ್ನೊಂದು ಕಾರಣ ಸಿಗುತ್ತದೆ. ಬರ್ಗಮಾಟಿನ ತೈಲದಲ್ಲಿ ಹಣ್ಣಿನ ರಸದ ಹುಳಿಯಿಲ್ಲ. ಗಂಧವಲ್ಲದೆ ಸುಣ್ಣದ ನೀರನ್ನು ತಿದ್ದುವ ಶಕ್ತಿ ಅದಕ್ಕಿಲ್ಲ. ಆ ಕೆಲಸವನ್ನು ಕೆಲವು ಹನಿ ನಿಂಬೆಯ ರಸ ಮಾಡಬಲ್ಲದು. ಮಳೆಯ ನೀರನ್ನಾಗಲಿ ಮೆದುವಾದ ಶುದ್ಧಜಲವನ್ನಾಗಲಿ ಬಳಸಿದರೆ ಯಾವ ತಿದ್ದುಪಡಿಯೂ ಬೇಡ. ಚಹಾ ನಿರ್ಮಲವಾದ ಕೆಂಗಂದು ಬಣ್ಣದಿಂದ ಕಂಗೊಳಿಸುತ್ತದೆ.

ಹಾಲನ್ನು ಬೆರೆಸಬೇಕೇ ಎಂಬುದು ಅವರವರ ರುಚಿಗೆ ಬಿಟ್ಟದ್ದು. ಹಾಲಿನ ಸಸಾರಜನಕ ಚಹಾದ ಒಗರನ್ನು ಹಿಡಿದಿಟ್ಟು ನಾಲಗೆಗೆ ನಯವನ್ನು ಕೊಡುತ್ತದೆ. ಅದರೊಡನೆ ತೈಲದ ಚುರುಕೂ ತಗ್ಗುತ್ತದೆ. ಮೊದಲ ಬಾರಿಗೆ ಕುಡಿಯುವವರಿಗೆ ಹಾಲಿಲ್ಲದೆ, ಸಕ್ಕರೆಯಿಲ್ಲದೆ ಅರ್ಧ ಬಟ್ಟಲನ್ನಾದರೂ ಕುಡಿಯಬೇಕೆಂದು ನಾನು ಹೇಳುತ್ತೇನೆ. ಮೊದಲು ಮೂಗಿಗೆ ಸಿಪ್ಪೆಯ ಚುರುಕು ಬರುತ್ತದೆ. ಗುಟುಕು ನಾಲಗೆಯ ಮೇಲಿರುವಾಗ ಎಲೆಯ ಗಾಢವಾದ ರುಚಿ ತಲೆದೋರುತ್ತದೆ. ನುಂಗಿದ ಮೇಲೆ ಎರಡೂ ಕೂಡಿದ ಹೂವಿನಂಥ ಕಂಪು ಗಂಟಲಿನಿಂದ ಮತ್ತೆ ಮೂಗಿಗೆ ಏರುತ್ತದೆ. ಅವಸರದಲ್ಲಿ ಕುಡಿದವನಿಗೆ ಈ ಮೂರರಲ್ಲಿ ಮೊದಲನೆಯದು ಮಾತ್ರ ದಕ್ಕುತ್ತದೆ.

ಮಿತಿಯ ಮಾತನ್ನೂ ಹೇಳಬೇಕು. ದಿನಕ್ಕೆ ನಾಲ್ಕು ಲೀಟರಿನವರೆಗೆ ಈ ಚಹಾವನ್ನು ಕುಡಿಯುತ್ತಿದ್ದ ರೋಗಿಯೊಬ್ಬನಿಗೆ ಸ್ನಾಯುಗಳ ಸೆಳೆತ ಕಾಣಿಸಿಕೊಂಡು, ಕುಡಿಯುವುದನ್ನು ನಿಲ್ಲಿಸಿದ ಮೇಲೆ ಗುಣವಾದುದನ್ನು ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆ 2002ರಲ್ಲಿ ಪ್ರಕಟಿಸಿತು. ತೈಲದಲ್ಲಿರುವ ಬರ್ಗಾಪ್ಟೆನ್ ಎಂಬ ದ್ರವ್ಯ ಅದಕ್ಕೆ ಕಾರಣವೆಂದು ವೈದ್ಯರು ಶಂಕಿಸಿದರು. ದಿನಕ್ಕೆ ಎರಡು ಮೂರು ಬಟ್ಟಲು ಕುಡಿಯುವವರಿಗೆ ಇದರಿಂದ ಅಂಜಿಕೆಯಿಲ್ಲ.

ಕೊಳ್ಳುವವರ ವಿವೇಕ

ಬಿಡಿ ಎಲೆಯನ್ನು ಕೊಳ್ಳುವುದರ ಮೊದಲ ಪ್ರಯೋಜನವೆಂದರೆ ಅದನ್ನು ಕಣ್ಣಿನಿಂದ ಪರೀಕ್ಷಿಸಲು ಸಾಧ್ಯವಾಗುವುದು. ಚೀಲದಲ್ಲಿ ಮುಚ್ಚಿದ ಪುಡಿ ಎಂಥದೆಂದು ಹೊರಗಿನಿಂದ ತಿಳಿಯದು. ಅಂಗೈಯಲ್ಲಿ ಹರಡಿದ ಎಲೆ ಸುರುಳಿ ಬಿಗಿಯಾಗಿ, ಬಣ್ಣ ಸಮವಾಗಿ, ಕಡ್ಡಿ ಧೂಳುಗಳಿಲ್ಲದೆ ಇರಬೇಕು. ನಡುವೆ ಬೆರೆಸಿರುವ ನೀಲಿ ಹೂವಿನ ಎಸಳುಗಳು ಕಣ್ಣಿಗೆ ಅಲಂಕಾರವೇ ಹೊರತು ರುಚಿಗೆ ಏನನ್ನೂ ಕೂಡಿಸವು. ಡಬ್ಬಿ ತೆರೆದೊಡನೆ ಸಾಬೂನಿನಂಥ ವಾಸನೆ ಮೂಗಿಗೆ ಬಡಿದು, ಕುಡಿದಾಗ ಬಾಯಲ್ಲಿ ಬರಿಯ ಕಹಿ ಉಳಿದರೆ, ಕೃತಕ ಸುಗಂಧದ ಅಥವಾ ದುರ್ಬಲವಾದ ಎಲೆಯ ಸಂದೇಹ ತಾಳಬಹುದು. ಇದಕ್ಕಿಂತ ಖಚಿತವಾದ ಪರೀಕ್ಷೆ ಇನ್ನೊಂದುಂಟು. ಬಟ್ಟಲಿನ ಚಹಾವನ್ನು ಆರಲು ಬಿಟ್ಟು ಮತ್ತೆ ರುಚಿ ನೋಡಬೇಕು. ಉಗಿಯೊಡನೆ ಗಂಧದ ಬಹುಪಾಲು ಹೋದ ಮೇಲೆಯೂ ಕುಡಿಯಲು ಯೋಗ್ಯವಾಗಿದ್ದರೆ ಆ ಎಲೆ ಒಳ್ಳೆಯದು. ಕೊಂಡದ್ದನ್ನು ಗಾಳಿ ಬೆಳಕುಗಳು ಸೋಕದ ಲೋಹದ ಡಬ್ಬಿಯಲ್ಲಿಟ್ಟು, ಕಾಫಿಪುಡಿ ಸಾಂಬಾರ ಪದಾರ್ಥಗಳ ನೆರೆಯಿಂದ ದೂರವಿಡಬೇಕು; ಬರ್ಗಮಾಟನ್ನು ಹೀರಿಕೊಂಡ ಎಲೆ ಬೇರೆ ವಾಸನೆಯನ್ನೂ ಅಷ್ಟೇ ಸುಲಭವಾಗಿ ಹೀರಿಕೊಳ್ಳುತ್ತದೆ. ತೈಲ ಕಾಲಕ್ರಮದಲ್ಲಿ ಆರುವುದರಿಂದ ಸ್ವಲ್ಪಸ್ವಲ್ಪವಾಗಿ ಕೊಳ್ಳುವುದು ಲೇಸು.

ಒಳ್ಳೆಯ ಎಲೆಯನ್ನು ಆರಿಸಬೇಕೆಂಬ ಮಾತು ಕನ್ನಡಿಗರಿಗೆ ಇನ್ನೊಂದು ಕಾರಣದಿಂದಲೂ ಸಲ್ಲುತ್ತದೆ. ಮೈಸೂರು ಸೀಮೆಗೆ ಹೊಂದಿಕೊಂಡ ನೀಲಗಿರಿಯಲ್ಲಿ, ಕನ್ನಡಕ್ಕೆ ಅತಿ ಸಮೀಪದ ನುಡಿಯನ್ನಾಡುವ ಬಡಗರಲ್ಲಿ ಅನೇಕರು ಸಣ್ಣ ಹಿಡುವಳಿಗಳಲ್ಲಿ ಚಹಾ ಬೆಳೆಯುತ್ತಾರೆ. ಡಿಸೆಂಬರ್–ಜನವರಿಗಳಲ್ಲಿ ಇಬ್ಬನಿ ಹೆಪ್ಪುಗಟ್ಟುವ ಚಳಿಯಲ್ಲಿ ಅಲ್ಲಿ ಕೊಯ್ಯುವ ಚಿಗುರಿನ ಚಹಾ ಸ್ವಭಾವತಃ ಹೂವಿನ ಕಂಪುಳ್ಳದ್ದು, ತಿಳಿಯಾದದ್ದು, ಒಗರು ಕಡಿಮೆಯಿರುವಂಥದು. ಬರ್ಗಮಾಟನ್ನು ಹೊರುವುದಕ್ಕೆ ಬೇಕಾದ ಗುಣಗಳೆಲ್ಲ ಅದರಲ್ಲಿವೆ. ಅದೇ ತಿಂಗಳುಗಳಲ್ಲಿ ಕಲಾಬ್ರಿಯದ ತೋಟಗಳಲ್ಲಿ ಹಣ್ಣಿನ ಕೊಯ್ಲು ನಡೆದಿರುತ್ತದೆ. ಎರಡು ನಾಡುಗಳ ರೈತರ ಚಳಿಗಾಲದ ದುಡಿಮೆ ಒಂದು ಬಟ್ಟಲಿನಲ್ಲಿ ಸೇರುತ್ತದೆ ಎಂಬುದನ್ನು ನೆನೆದಾಗ ಈ ಪಾನೀಯದ ಮೇಲಿನ ನನ್ನ ಗೌರವ ಹೆಚ್ಚುತ್ತದೆ.

ಆದುದರಿಂದ ಅಂಗಡಿಯಲ್ಲಿ ಈ ಚಹಾವನ್ನು ಕೇಳುವಾಗ ಪರಿಮಳದ ಹೆಸರನ್ನು ಕೇಳಿ ಸುಮ್ಮನಾಗದೆ, ಎಲೆ ಯಾವ ತೋಟದ್ದು, ಯಾವ ಋತುವಿನದು, ತೈಲ ಹಣ್ಣಿನದೋ ಕೃತಕವೋ ಎಂದು ವಿಚಾರಿಸುವುದು ಕೊಳ್ಳುವವನ ಹಕ್ಕು ಮಾತ್ರವಲ್ಲ, ಕರ್ತವ್ಯವೂ ಹೌದು. 1837ರಲ್ಲಿ ಇಂಗ್ಲೆಂಡಿನ ಗಿರಾಕಿಗೆ ಈ ಪ್ರಶ್ನೆಗಳನ್ನು ಕೇಳುವ ಅನುಕೂಲವಿರಲಿಲ್ಲ, ನಮಗೆ ಇದೆ. ಕೇಳುವವರು ಹೆಚ್ಚಿದಷ್ಟೂ ಒಳ್ಳೆಯ ಎಲೆ ಬೆಳೆಯುವವನಿಗೂ ನಿಜವಾದ ತೈಲ ತೆಗೆಯುವವನಿಗೂ ತಕ್ಕ ಬೆಲೆ ದೊರೆಯುತ್ತದೆ, ನಮಗೆ ನಿಷ್ಕಪಟವಾದ ಒಂದು ಬಟ್ಟಲು ಚಹಾ ದೊರೆಯುತ್ತದೆ.